ಚಾಚಲಾರದ ಕೈ ಮತ್ತು ಭರವಸೆ

ಪಾರ್ಶ್ವವಾಯು ಬಡಿದವರ ಮನೆಯವರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ: ಈ ಕೈ ಮತ್ತೆ ಆಡುವುದೇ? ಕಾದು ನೋಡಬೇಕು ಎಂಬುದೇ ಬಹುಕಾಲ ಅದಕ್ಕಿದ್ದ ಉತ್ತರ. ಮಿದುಳಿನ ಚಿತ್ರಗಳು ಈಗ ಆ ಉತ್ತರವನ್ನು ಬದಲಿಸುತ್ತಿವೆ.

ಕೈಯಾಡಿಸುವ ಅಪ್ಪಣೆ ಮಿದುಳಿನಿಂದ ನರತಂತುಗಳ ಕಂತೆಯೊಂದರ ಮೂಲಕ ಬೆನ್ನುಹುರಿಗೆ ಇಳಿಯುತ್ತದೆ. ಆ ತಂತುಗಳಗುಂಟ ನೀರಿನ ಕಣಗಳು ಚಲಿಸುವ ರೀತಿಯನ್ನು ಗುರುತಿಸುವ ಎಂ.ಆರ್.ಐ. ಚಿತ್ರದಲ್ಲಿ ಈ ದಾರಿ ಎಷ್ಟು ಉಳಿದಿದೆ, ಎಷ್ಟು ಕೆಟ್ಟಿದೆ ಎಂಬುದು ಕಾಣುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಕ್ಯಾಥಿ ಸ್ಟಿನಿಯರ್ ಮತ್ತು ಸಂಗಡಿಗರು 2012ರಲ್ಲಿ ಇಂತಹ ಚಿತ್ರವನ್ನೂ ಬಳಸಿಕೊಂಡು, ಮೂರು ತಿಂಗಳ ನಂತರ ಕೈ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುವುದೆಂದು ಮುಂದಾಗಿ ಹೇಳುವ ಕ್ರಮವೊಂದನ್ನು ರೂಪಿಸಿದರು. ಅದರ ಮೊದಲ ಹೆಜ್ಜೆ ಬಹು ಸರಳ. ರೋಗಿ ಮೂರು ದಿನಗಳೊಳಗೆ ತೋಳನ್ನು ಪಕ್ಕಕ್ಕೆ ಎತ್ತಬಲ್ಲನೇ, ಮಡಿಸಿದ ಬೆರಳುಗಳನ್ನು ಬಿಡಿಸಬಲ್ಲನೇ ಎಂದು ನೋಡುವುದು. 2017ರಲ್ಲಿ ಪರಿಷ್ಕರಿಸಿದಾಗ ಇತರ ಪರೀಕ್ಷೆಗಳೇ ಸಾಕು, ಚಿತ್ರ ಬೇಡವೆಂದಾಯಿತು. ಅದರ ಮಾತು ನೂರರಲ್ಲಿ ಸುಮಾರು 75 ಮಂದಿಯ ವಿಷಯದಲ್ಲಿ ನಿಜವಾಗುತ್ತದೆ.

ಉಳಿದ ನಾಲ್ಕನೆಯ ವ್ಯಕ್ತಿಯ ಗತಿಯೇನು? ಮುನ್ಸೂಚನೆಯನ್ನು ತೀರ್ಪೆಂದು ತಿಳಿದು ಚಿಕಿತ್ಸೆಯನ್ನೇ ನಿಲ್ಲಿಸುವುದು ಅವನಿಗೆ ಮಾಡುವ ಅನ್ಯಾಯ. ಆದರೂ, ಸತ್ಯವನ್ನು ರೋಗಿಯಿಂದ ಮುಚ್ಚಿಡುವುದನ್ನು ನಾನು ಒಪ್ಪಲಾರೆ. "ಅಪ್ಪನಿಗೆ ಹೇಳಬೇಡಿ ಫಾದರ್, ಎದೆಗುಂದುತ್ತಾರೆ" ಎನ್ನುವ ಮಕ್ಕಳ ಪ್ರೀತಿ ದೊಡ್ಡದು. ಆದರೆ ಕಾರಣ ತಿಳಿಯದ ಆ ತಂದೆ, ತಾನು ಸರಿಯಾಗಿ ವ್ಯಾಯಾಮ ಮಾಡಲಿಲ್ಲವೆಂದು ಕೊರಗುತ್ತಾನೆ. ಅದಕ್ಕಿಂತ ಕ್ರೂರವಾದುದು, ಅವನ ವಿಶ್ವಾಸವೇ ಸಾಲದೆಂದು ಹಾಸಿಗೆಯ ಬಳಿ ನಿಂತು ಹೇಳುವವರೂ ಇದ್ದಾರೆ. ನರಗಳ ದಾರಿಯೇ ಕಡಿದುಹೋಗಿದೆ ಎಂದು ತೋರಿಸುವ ಚಿತ್ರ ಇಂತಹವನನ್ನು ಸುಳ್ಳು ಅಪರಾಧಭಾವದಿಂದ ಬಿಡಿಸುತ್ತದೆ.

ಬಲಗೈ ಬತ್ತಿದವನ ಪ್ರಸಂಗವನ್ನು ಸಂತ ಲೂಕರು ಬರೆದಿದ್ದಾರೆ. ಯೇಸುಸ್ವಾಮಿ ಆತನ ವಿಶ್ವಾಸವೆಷ್ಟೆಂದು ವಿಚಾರಿಸಲಿಲ್ಲ. ಮೊದಲು ಅವನನ್ನು ಎಲ್ಲರ ನಡುವೆ ನಿಲ್ಲಿಸಿದರು.

ಭರವಸೆಯ ಗುರಿ ಕಷ್ಟಸಾಧ್ಯವಾದರೂ ಸಾಧ್ಯವಾದ ಒಳಿತಾಗಿರಬೇಕು ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಬಲಗೈ ಮರಳದಿದ್ದರೆ ಸಾಧ್ಯವಾದ ಒಳಿತನ್ನು ಬೇರೆಡೆ ಹುಡುಕಬೇಕು. ನಮ್ಮ ಪಂಕ್ತಿಯಲ್ಲಿ ಎಡಗೈಯಿಂದ ಉಣ್ಣಲು ನಾಚಿ ಒಳಕೋಣೆ ಸೇರುವ ಹಿರಿಯರು ಎಷ್ಟೋ ಮಂದಿ. ಆ ಎಡಗೈಗೆ ಚಮಚ ಹಿಡಿಯಲು ಕಲಿಸುವ ಕೆಲಸವನ್ನು, ಬಲಗೈಯ ಆರೈಕೆಯ ಜೊತೆಗೇ, ಮೊದಲ ವಾರದಲ್ಲೇ ಆರಂಭಿಸಬಹುದು. ಮನೆಯವರೆಲ್ಲರೂ ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು.