ಹಾರ್ಟ್ ಕೇಳಿದ್ದು, ಅರುವ ಬಲ್ಲದ್ದು

ಕೊಡಗಿನ ಪೊನ್ನಂಪೇಟೆಯಲ್ಲಿ ಕೊಡವರ ಮದುವೆ. ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ. ಮನೆತನದ ಪರವಾಗಿ ಮಾತಾಡುವವರು ಅರುವರು. ಹೆಣ್ಣಿನ ಕಡೆಯ ಅರುವರೂ ಗಂಡಿನ ಕಡೆಯ ಅರುವರೂ ಎದುರುಬದುರು ನಿಂತು ಮಾತಾಡುತ್ತಾರೆ. ನಮ್ಮ ಮಗಳಿಗೆ ನಿಮ್ಮ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಯಾವ ಹಕ್ಕು ಎಂದು ಇವರು ಕೇಳುತ್ತಾರೆ, ಅವರು ಒಪ್ಪಿಕೊಳ್ಳುತ್ತಾರೆ. ಹಕ್ಕಿನ ಗುರುತಾಗಿ ಹರಳುಗಳು ಕೈಯಿಂದ ಕೈಗೆ ಹೋಗುತ್ತವೆ. ಇದು ‘ಸಂಬಂಧ ಅಡ್ಕುವ’. ಇದನ್ನು ಕಾನೂನು ಎನ್ನಬಹುದೆ?

ಕಾನೂನು ಎಂದರೇನು ಎಂಬುದನ್ನೇ ಹಿಡಿದು ಕೂತವರು ಇಂಗ್ಲೆಂಡಿನ ಎಚ್.ಎಲ್.ಎ. ಹಾರ್ಟ್ (1907–1992). ಎಂಟು ವರ್ಷ ವಕೀಲಿ, ಯುದ್ಧಕಾಲದಲ್ಲಿ ಬೇಹುಗಾರಿಕೆ ಇಲಾಖೆ, 1945ರಿಂದ ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರದ ಪಾಠ. 1952ರಲ್ಲಿ ಅಲ್ಲಿಯೇ ನ್ಯಾಯಶಾಸ್ತ್ರದ ಪ್ರಾಧ್ಯಾಪಕರಾದರು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದ ಗ್ರಂಥ ಆಕ್ಸ್‌ಫರ್ಡಿನಿಂದ ಹೊರಬಂದದ್ದೂ ಅದೇ ವರ್ಷ. ಹಾರ್ಟ್ ಹೆಸರಾದದ್ದು ‘ದಿ ಕಾನ್ಸೆಪ್ಟ್ ಆಫ್ ಲಾ’ (1961) ಪುಸ್ತಕದಿಂದ.

ಹತ್ತೊಂಬತ್ತನೇ ಶತಮಾನದ ನ್ಯಾಯಶಾಸ್ತ್ರಜ್ಞ ಜಾನ್ ಆಸ್ಟಿನ್ ಪ್ರಕಾರ ಕಾನೂನು ಎಂದರೆ ಒಡೆಯನ ಅಪ್ಪಣೆ, ಮೀರಿದರೆ ಶಿಕ್ಷೆ. ಹಾಗಾದರೆ ಸರ್ಕಾರಕ್ಕೂ ದರೋಡೆಕೋರನಿಗೂ ಏನು ವ್ಯತ್ಯಾಸ ಎಂದು ಹಾರ್ಟ್ ಕೇಳಿದರು. ಆ ವ್ಯತ್ಯಾಸ ಕನ್ನಡದ ಕ್ರಿಯಾಪದದಲ್ಲೇ ಇದೆ. ಕಳ್ಳ ಪಿಸ್ತೂಲು ತೋರಿಸಿದ, ಹಣ ‘ಕೊಡಬೇಕಾಯಿತು’. ಸಾಲ ತಂದಿದ್ದೇನೆ, ಹಣ ‘ಕೊಡಬೇಕು’. ಮೊದಲನೆಯದು ಪಿಸ್ತೂಲು ಕೆಳಗಿಳಿದ ಕ್ಷಣ ಮುಗಿಯಿತು. ಎರಡನೆಯದು ಸಾಲ ಕೊಟ್ಟವನು ಮರೆತರೂ ಉಳಿಯುತ್ತದೆ. ನಿಯಮವನ್ನು ತನ್ನದೆಂದು ಒಪ್ಪಿಕೊಂಡವನ ಈ ‘ಬೇಕು’ವನ್ನು ಹಾರ್ಟ್ ಒಳಗಿನವರ ದೃಷ್ಟಿ ಎಂದರು. ಹೊರಗೆ ನಿಂತವನಿಗೆ ಕಾಣುವುದು ಜನರ ವರ್ತನೆ ಮಾತ್ರ.

ಅವರ ಇನ್ನೊಂದು ಮಾತು ನನಗೆ ಇನ್ನೂ ದೊಡ್ಡದು. ನಿಯಮಗಳೆಲ್ಲ ‘ಮಾಡು’, ‘ಮಾಡಬೇಡ’ ಎನ್ನುವುದಿಲ್ಲ. ಉಯಿಲು, ಕ್ರಯ, ಮದುವೆಯ ನಿಯಮಗಳು ಮನುಷ್ಯರಿಗೆ ಶಕ್ತಿ ಕೊಡುತ್ತವೆ: ಹೀಗೆ ಮಾಡಿದರೆ ಹಕ್ಕು ಹುಟ್ಟುತ್ತದೆ. ತಪ್ಪಿದರೆ ಜೈಲಿಲ್ಲ, ಹಕ್ಕು ಹುಟ್ಟುವುದಿಲ್ಲ ಅಷ್ಟೆ. ಅರುವರ ಮಾತು ಈ ಜಾತಿಯದು. ಹರಳು ಕೈ ಬದಲಿಸಿದಾಗ ಒಬ್ಬಳ ಒಕ್ಕ ಬದಲಾಗುತ್ತದೆ, ಯಾರೂ ಯಾರನ್ನೂ ಬೆದರಿಸಿಲ್ಲ.

ನಿಯಮಗಳ ರಾಶಿಯಲ್ಲಿ ಯಾವುದು ಕಾನೂನು ಎಂದು ಗುರುತಿಸಲು ಮತ್ತೊಂದು ನಿಯಮ ಬೇಕು ಎಂದೂ ಹಾರ್ಟ್ ಹೇಳಿದರು. ನ್ಯಾಯಾಧೀಶರಿಗೆ ಆಚಾರ ಇಷ್ಟವಾಯಿತೆ ಎಂಬುದಲ್ಲ ಪ್ರಶ್ನೆ. ಮದುವೆಯ ರೂಢಿಯನ್ನು ಗುರುತಿಸುವ ಅಂಥ ನಿಯಮ ನಮ್ಮಲ್ಲಿ ಬರೆದೇ ಇದೆ: 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಬಹುಕಾಲದಿಂದ ಬಿಡದೆ, ಒಂದೇ ರೀತಿಯಲ್ಲಿ ನಡೆದುಬಂದು ಕಾನೂನಿನ ಬಲ ಪಡೆದದ್ದು ರೂಢಿ. ಅದರ 7ನೇ ಕಲಮಿನ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯಂತೆ ಮದುವೆ ನಡೆಯಬಹುದು. ಸಪ್ತಪದಿ ಆ ರೂಢಿಯಲ್ಲಿದ್ದರೆ ಮಾತ್ರ ಅದು ಬೇಕು.

ಒಂದು ಕಡೆ ಹಾರ್ಟರನ್ನು ನಾನು ಒಪ್ಪಲಾರೆ. ಆಚಾರದಿಂದಲೇ ನಡೆಯುವ ಸಮಾಜದಲ್ಲಿ ಕಟ್ಟಳೆಗಳಷ್ಟೇ ಇರುತ್ತವೆ, ಅವನ್ನು ಗುರುತಿಸುವ, ಬದಲಿಸುವ, ವ್ಯಾಜ್ಯ ತೀರಿಸುವ ನಿಯಮಗಳು ಆಮೇಲೆ ಬಂದವು ಎಂಬಂತೆ ಅವರು ಚಿತ್ರಿಸಿದರು. ಕೊಡಗಿನಲ್ಲಿ ವ್ಯಾಜ್ಯ ತೀರಿಸಲು ಊರಿನ ಮುಖಂಡರಾದ ತಕ್ಕರಿದ್ದರು, ಹಕ್ಕು ದಾಟಿಸಲು ಅರುವರಿದ್ದರು. ಕಾಯ್ದೆ ಬರುವ ಮೊದಲೇ ಇದ್ದರು. ಮುಂದಿನ ಸಲ ಕೊಡಗಿನ ಮದುವೆಗೆ ಹೋದರೆ ಊಟದ ಪಂಕ್ತಿಗೆ ಅವಸರಪಡದೆ ಅರುವರ ಮಾತಿಗೆ ಕಿವಿಗೊಡಿ.