ಯಂತ್ರಕ್ಕೂ ಸಂಸ್ಕಾರವುಂಟೆ?

ನಿನ್ನೆ ಕಂಡ ಮುಖ ಇವತ್ತು ನೆನಪಾಗುತ್ತದೆ. ನಡುವಿನ ಹೊತ್ತಿನಲ್ಲಿ ಆ ಅನುಭವ ಎಲ್ಲಿತ್ತು? ನೋಡಿದ್ದು ನಿನ್ನೆಯೇ ಮುಗಿದುಹೋಯಿತು. ಮುಗಿದುಹೋದದ್ದು ಇವತ್ತಿನ ನೆನಪಿಗೆ ನೇರವಾಗಿ ಕಾರಣವಾಗಲಾರದು. ನಡುವೆ ಏನೋ ಒಂದು ಗುರುತು ಉಳಿದಿರಲೇಬೇಕು ಎಂದು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ವಾದಿಸಿ, ಅದನ್ನು ಸಂಸ್ಕಾರ ಎಂದರು. ಅದು ಕಣ್ಣಿಗೆ ಕಾಣದು, ನೆನಪು ಬಂದದ್ದರಿಂದ ಊಹಿಸಿಕೊಳ್ಳಬೇಕು.

ಈಗ ಇಂಥ ಗುರುತನ್ನು ಅಳೆದು ನೋಡಬಹುದಾದ ವಸ್ತುವೊಂದು ಪ್ರಯೋಗಾಲಯಕ್ಕೆ ಬಂದಿದೆ. ಅದಕ್ಕೆ ಮಾದರಿ ಮಿದುಳಿನ ಸಿನಾಪ್ಸ್, ಅಂದರೆ ಎರಡು ನರಕೋಶಗಳು ಸಂಧಿಸುವ ಜಾಗ. ಸಂಕೇತ ಮತ್ತೆ ಮತ್ತೆ ಹಾದುಹೋದಂತೆ ಆ ಸಂಧಿ ಬಲಗೊಳ್ಳಬಲ್ಲದು. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಸ್ಕ್ಯಾಂಡಿಯಂ ನೈಟ್ರೈಡ್‌ನ ತೆಳು ಪದರದಲ್ಲಿ, ಬೆಳಕಿನಿಂದ ನಡೆಯುವ ಕೃತಕ ಸಿನಾಪ್ಸ್ ಮಾಡಿ ತೋರಿಸಿದ್ದಾರೆ. ಇಂಥ ಪದರದ ಮೇಲೆ ಕ್ಷಣಕಾಲ ಬೆಳಕು ಬಿದ್ದರೆ ಅದರೊಳಗಿನ ವಿದ್ಯುತ್ ಹರಿವು ಬದಲಾಗುತ್ತದೆ. ಬೆಳಕು ಆರಿಸಿದರೂ ಹರಿವು ತಕ್ಷಣ ಮೊದಲಿನಂತಾಗುವುದಿಲ್ಲ. ಸ್ಫಟಿಕದ ಲೋಪಗಳಲ್ಲಿ ಸಿಕ್ಕಿಬಿದ್ದ ವಿದ್ಯುದಂಶಗಳು ಬಿಡಿಸಿಕೊಳ್ಳಲು ಹೊತ್ತು ಬೇಕು. ಅಷ್ಟರಲ್ಲಿ ಇನ್ನೊಮ್ಮೆ ಬೆಳಕು ಬಿದ್ದರೆ ಪರಿಣಾಮ ಇನ್ನೂ ಹೆಚ್ಚು. ಮೇಲಿಂದ ಮೇಲೆ ಬಿದ್ದರೆ ಗುರುತು ಬಹಳ ಹೊತ್ತು ನಿಲ್ಲುತ್ತದೆ, ಬಿಟ್ಟುಬಿಟ್ಟರೆ ಮಾಸುತ್ತದೆ. ಮಗ್ಗಿ ಬಾಯಿಪಾಠ ಮಾಡಿದವರಿಗೆ ಇದೇನೂ ಹೊಸ ಸುದ್ದಿಯಲ್ಲ. ನ್ಯಾಯಸೂತ್ರವೂ ನೆನಪಿನ ಕಾರಣಗಳನ್ನು ಎಣಿಸುವಾಗ ಅಭ್ಯಾಸವನ್ನು ಸೇರಿಸಿದೆ.

ಹಾಗಾದರೆ ಪದರದಲ್ಲಿ ಉಳಿದದ್ದು ನೈಯಾಯಿಕರ ಸಂಸ್ಕಾರವೇ? ಅನ್ನಂಭಟ್ಟನ ತರ್ಕಸಂಗ್ರಹ ಮೂರು ಬಗೆಯ ಸಂಸ್ಕಾರ ಹೇಳುತ್ತದೆ. ಅವುಗಳಲ್ಲಿ ಒಂದಾದ ವೇಗದ ಮಾತು ಇಲ್ಲಿ ಬೇಡ. ಸುತ್ತಿಟ್ಟ ಚಾಪೆಯನ್ನು ಬಿಡಿಸಿದರೆ ಮತ್ತೆ ಸುರುಳಿಯಾಗುವುದು ಸ್ಥಿತಿಸ್ಥಾಪಕದಿಂದ. ಅನುಭವದಿಂದ ಹುಟ್ಟಿ ನೆನಪಿಗೆ ಕಾರಣವಾಗುವುದು ಭಾವನೆ. ಅದು ಇರುವುದು ಆತ್ಮದಲ್ಲಿ ಮಾತ್ರ. ಜಕ್ಕೂರಿನ ಪದರ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಮೆಲ್ಲಗೆ ಹಳೆಯ ಸ್ಥಿತಿಗೆ ಮರಳುತ್ತದೆ, ಹಾಗಾಗಿ ಚಾಪೆಯ ಜಾತಿ. ಹಿಂದಿನ ಬೆಳಕಿನ ಗುರುತು ಹೊತ್ತು ಮುಂದಿನ ಬೆಳಕಿಗೆ ಬೇರೆ ಥರ ಸ್ಪಂದಿಸುತ್ತದೆ, ಹಾಗಾಗಿ ಭಾವನೆಯ ನೆಂಟ.

ನೈಯಾಯಿಕ ಇದನ್ನು ಒಪ್ಪಲಾರ. ಅವನ ಪ್ರಕಾರ ನೆನಪೂ ಒಂದು ಜ್ಞಾನ. ‘ನಾನು ಇದನ್ನು ಕಂಡಿದ್ದೆ’ ಎನ್ನಬೇಕಾದರೆ ಅಂದು ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗಿರಬೇಕು. ಆತ್ಮವೇ ಬೇಡ, ಚಿತ್ತದ ಪ್ರವಾಹದಲ್ಲಿ ವಾಸನೆ, ಅಂದರೆ ಹಿಂದಿನ ಅನುಭವದ ಗುರುತು, ಸಾಗಿ ಬಂದರೆ ಸಾಕು ಎಂದು ಬೌದ್ಧರು ತಕರಾರು ತೆಗೆದರು. ಆದರೆ ಅವರ ಪ್ರವಾಹವೂ ಚಿತ್ತದ್ದೇ. ಜಕ್ಕೂರಿನ ಪದರದಲ್ಲಿ ಕಂಡವನೂ ಇಲ್ಲ, ಚಿತ್ತವೂ ಇಲ್ಲ.

ಭಾವನೆ ಆತ್ಮದಲ್ಲಿ ಮಾತ್ರ ಎಂಬ ಹಟವನ್ನು ನಾನು ಬಿಟ್ಟುಕೊಡಬಲ್ಲೆ. ನೆನಪು ಜ್ಞಾನವೆಂಬ ಲಕ್ಷಣವನ್ನು ಬಿಡಲಾರೆ. ಈ ಯಂತ್ರಕ್ಕೆ ಸಂಸ್ಕಾರವುಂಟು, ಸ್ಮೃತಿಯಿಲ್ಲ. ಎಂಜಿನಿಯರುಗಳಿಗೆ ಬೇಕಿರುವುದೂ ಅಷ್ಟೇ. ಇಂದಿನ ಕಂಪ್ಯೂಟರಿನಲ್ಲಿ ಮಾಹಿತಿ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. ಎರಡರ ನಡುವಿನ ಓಡಾಟಕ್ಕೇ ಬಹಳಷ್ಟು ವಿದ್ಯುತ್ ಖರ್ಚಾಗುತ್ತದೆ. ಗುರುತು ಬಿದ್ದಲ್ಲೇ ಲೆಕ್ಕವೂ ನಡೆದರೆ ಆ ಓಡಾಟ ತಪ್ಪುತ್ತದೆ. ನಮ್ಮ ಮಿದುಳು ಸುಮಾರು 20 ವಾಟ್‌ನಲ್ಲಿ ಕೆಲಸ ತೂಗಿಸುವುದಕ್ಕೆ ಅಂಥ ಓಡಾಟವಿಲ್ಲದಿರುವುದೂ ಒಂದು ಕಾರಣ.