ಬಂಡೆಯ ಮೇಲೊಂದು ಹೆಸರು

ಕಾತ್ರಜದಿಂದ ಸಿಂಹಗಡದವರೆಗೆ ರಾತ್ರಿಯಿಡೀ ಗುಡ್ಡ ಹತ್ತಿಳಿದು ನಡೆಯುವುದು ಪುಣೆಯ ಹುಡುಗರಿಗೆ ಒಂದು ಗೀಳು. ಕೆಲವರಿಗೆ ನಡೆದದ್ದಷ್ಟೇ ಸಾಲದು; ಸಿಕ್ಕ ಕಲ್ಲಿನ ಮೇಲೆ ಹೆಸರನ್ನೂ ಕೆತ್ತಬೇಕು. ಗದರಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ಹಿಂದಿನವರು ಕೆತ್ತಿದರೆ ಶಾಸನ, ನಾವು ಕೆತ್ತಿದರೆ ಅಪರಾಧವೇ?

ಮಾತನ್ನು ತಳ್ಳಿಹಾಕುವಂತಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ‘ಶ್ರೀ ಕವಿರತ್ನ’ ಎಂಬ ಬರಹವಿದೆ. ಹತ್ತನೆಯ ಶತಮಾನದ ನಮ್ಮ ರನ್ನನದೇ ಅದು ಎಂದು ವಿದ್ವಾಂಸರು ನಂಬುತ್ತಾರೆ. ದಾನದ ವಿವರವಿಲ್ಲ, ಹೊಗಳಿಕೆಯಿಲ್ಲ. ಬಂದು ಹೋದೆ ಎನ್ನುವ ಗುರುತು ಅಷ್ಟೆ. ಆ ಊರಿನ ಬಂಡೆಗಳಲ್ಲಿ ಇಂಥ ಯಾತ್ರಿಕರ ಹೆಸರುಗಳು ಎಷ್ಟೋ. ಉತ್ತರದಿಂದ ಬಂದ ವರ್ತಕರಂತೂ ತಮ್ಮ ಲೆಕ್ಕದ ಪುಸ್ತಕದ ಮಹಾಜನಿ ಲಿಪಿಯನ್ನೇ ಇಲ್ಲಿಯ ಕಲ್ಲಿಗೂ ಇಳಿಸಿದರು. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಈ ಊರಿನ ಶಾಸನಗಳು 144, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕರಣದಲ್ಲಿ 500ಕ್ಕೆ ಮುಟ್ಟಿಸಿದರು. ಅರಸರ ಶಾಸನಗಳ ಜೊತೆಗೆ ಒಂದೇ ಸಾಲಿನ ಈ ಬಡ ಹೆಸರುಗಳನ್ನೂ ಬಗ್ಗಿ ಓದಿದ ಆ ತಾಳ್ಮೆಗೆ ಕೈಮುಗಿಯಬೇಕು.

ಹೊರಗೂ ಇದೇ ಕಥೆ. ರಷ್ಯದ ನೊವ್‌ಗೊರೊದ್‌ನಲ್ಲಿ 1045–50ರಲ್ಲಿ ಕಟ್ಟಿದ ಸಂತ ಸೋಫಿಯಾ ಚರ್ಚಿನ ಗೋಡೆಗಳ ತುಂಬ ಭಕ್ತರು ಗೀಚಿದ ಬರಹಗಳಿವೆ. ಕೆಲವು ಗ್ಲಾಗೊಲಿಟಿಕ್ ಲಿಪಿಯಲ್ಲಿವೆ. ಸ್ಲಾವ್ ಜನರ ಈ ಮೊದಲ ಲಿಪಿಯನ್ನು ಆ ಹೊತ್ತಿಗೆ ಅಲ್ಲಿ ಬಲ್ಲವರೇ ಅಪರೂಪ. ತಮಾಷೆಯೆಂದರೆ, ರಾಜ ವ್ಲಾದಿಮಿರನ ಹೆಸರಿನ ಧರ್ಮಕಟ್ಟಳೆಯಲ್ಲಿ ಚರ್ಚಿನ ಗೋಡೆ ಕೊರೆಯುವುದೂ ಅಪರಾಧಗಳ ಪಟ್ಟಿಯಲ್ಲಿದೆ. ಹಿಂದಿನವರು ಕೆತ್ತಿದಾಗಲೂ ಅದು ಅಪರಾಧವೇ ಆಗಿತ್ತು.

ಹುಡುಗರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಇನ್ನರ್ಧ ಚಿಕ್ಕಬೆಟ್ಟದಲ್ಲಿದೆ: ಕವಿರತ್ನನ ಅಕ್ಷರಗಳು ಇರುವುದು ಬರಿಯ ಬಂಡೆಯ ಮೇಲೆ, ಇನ್ನೊಬ್ಬ ಶಿಲ್ಪಿಯ ಕೆಲಸದ ಮೇಲಲ್ಲ. ಮೇಲಾಗಿ ರನ್ನ ನಮಗೆ ಉಳಿದದ್ದು ‘ಗದಾಯುದ್ಧ’ದಿಂದ, ಆ ಬಂಡೆ ಇಲ್ಲದಿದ್ದರೂ ಉಳಿಯುತ್ತಿದ್ದ.

ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೇಬಿನಲ್ಲಿ ಕ್ಯಾಮೆರಾ ಇರುವವರಿಗೆ ಇಷ್ಟು ದುಬಾರಿ ಸಹಿ ಯಾಕೆ ಬೇಕು? ಶ್ರವಣಬೆಳಗೊಳಕ್ಕೆ ಹೋದಾಗ ಗೊಮ್ಮಟನನ್ನು ನೋಡಿ ಹಾಗೇ ಬಸ್ಸು ಹತ್ತಬೇಡಿ. ಎದುರಿನ ಚಿಕ್ಕಬೆಟ್ಟವನ್ನೂ ಏರಿ, ಕಾಲಡಿಯ ಅಕ್ಷರಗಳನ್ನು ತುಳಿಯದೆ ನೋಡಿ ಬನ್ನಿ.